ಕರಾವಳಿಯ ಬಣ್ಣದ ಬಸ್ಸುಗಳು

ದುಬೈಯ ಅಲ್ ಕೂಜ್, ಅಬುಧಾಬಿಯ ಮುಸಫ್ಫಾ ಮುಂತಾದ ಕೈಗಾರಿಕಾ ಪ್ರದೇಶಗಳಲ್ಲಿ ಸಂಜೆಯ ಹೊತ್ತು ಕಾರ್ಮಿಕರನ್ನು ವಸತಿಗಳಿಗೆ ಒಯ್ಯುವ ಬಸ್ಸುಗಳು ಸಾಲಾಗಿ ನಿಂತಿರುತ್ತವೆ. ಬಹುಪಾಲು ಎಲ್ಲವೂ ಬಿಳಿ. ಅಶೋಕ್ ಲೇಲ್ಯಾಂಡ್ ಸಂಸ್ಥೆಗೆ ರಸ್ ಅಲ್ ಖೈಮಾದಲ್ಲಿ ಒಂದು ಬಸ್ಸಿನ ಕಾರ್ಖಾನೆಯೇ ಇದೆ. ಇದೇ ಸಂಸ್ಥೆಯ ಚಾಸಿಸ್ಸು ಮಂಗಳೂರಿನ ಮಾಲಕನೊಬ್ಬನ ಕೈಸೇರಿದರೆ ಅದು ಹೆಸರು, ಬಣ್ಣ, ದೇವರ ಚಿತ್ರ, ಹೂಬಳ್ಳಿಗಳನ್ನು ಹೊತ್ತು ಬೇರೆಯೇ ಅವತಾರ ತಾಳುತ್ತದೆ. ಈ ಅಲಂಕಾರವನ್ನು ಕೇವಲ ಆಡಂಬರವೆಂದು ತಳ್ಳಿಹಾಕುವವರಿದ್ದಾರೆ. ಅದು ಪ್ರಯಾಣಿಕನಿಗೆ ಉಪಯೋಗಕ್ಕೆ ಬರುತ್ತಿದ್ದ ಒಂದು ಗುರುತಿನ ವ್ಯವಸ್ಥೆಯೂ ಆಗಿತ್ತು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಹಿನ್ನೆಲೆ

ಹಳೆಯ ಮೈಸೂರು ಸಂಸ್ಥಾನದಲ್ಲಿ 1948ರ ಸೆಪ್ಟೆಂಬರ್ 12ರಂದು ಸರಕಾರಿ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಬಯಲುಸೀಮೆಯವರಿಗೆ ಬಸ್ಸೆಂದರೆ 'ಕೆಂಪು ಬಸ್ಸು' ಎಂದಾದದ್ದು ಹೀಗೆ. ಮದರಾಸು ಪ್ರಾಂತ್ಯದ ಭಾಗವಾಗಿದ್ದ ದಕ್ಷಿಣ ಕನ್ನಡದ ಕತೆಯೇ ಬೇರೆ. ಇಲ್ಲಿ ಬಸ್ಸು ಖಾಸಗಿಯವರ ಉದ್ಯಮವಾಗಿಯೇ ಬೆಳೆಯಿತು. ಸಿ.ಪಿ.ಸಿ., ಹನುಮಾನ್, ಶಂಕರ ವಿಠಲ ಮೊದಲಾದ ಹೆಸರುಗಳು ತಲೆಮಾರುಗಳ ಕಾಲ ಜನರ ಬಾಯಲ್ಲಿ ನಿಂತವು. ಸಿಟಿ, ಸರ್ವಿಸ್, ಎಕ್ಸ್‌ಪ್ರೆಸ್ ಎಂಬ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ಒಂದೇ ದಾರಿಯಲ್ಲಿ ಹಲವು ಮಾಲಕರ ಬಸ್ಸುಗಳು ಕೆಲವೇ ನಿಮಿಷಗಳ ಅಂತರದಲ್ಲಿ ಓಡುವಾಗ, ದೂರದಿಂದಲೇ ತನ್ನ ಬಸ್ಸನ್ನು ತೋರಿಸಿಕೊಡುವ ಬಣ್ಣ ಮಾಲಕನಿಗೆ ಅನಿವಾರ್ಯವಾಯಿತು.

ಬಸ್ಸು ತಯಾರಾಗುವ ಬಗೆ

ಕಾರ್ಖಾನೆಯಿಂದ ಬರುತ್ತಿದ್ದುದು ಎಂಜಿನು, ಚಕ್ರ ಮತ್ತು ಉದ್ದನೆಯ ಚೌಕಟ್ಟು ಮಾತ್ರ. ಬಾಡಿ ಕಟ್ಟುವವರು ಅದರ ಮೇಲೆ ಕಬ್ಬಿಣದ ಹಂದರ ನಿಲ್ಲಿಸಿ ತಗಡು ಹೊದಿಸುತ್ತಿದ್ದರು. ಬಳಿಕ ಪ್ರೈಮರ್, ಅದರ ಮೇಲೆ ಪುಟ್ಟಿ, ನೀರು ಹಾಕಿ ಉಜ್ಜುವ ಕೆಲಸ, ಕೊನೆಗೆ ಬಣ್ಣ. ಪಟ್ಟೆಗಳ ಅಂಚು ನೇರವಾಗಿರಲು ಟೇಪು ಅಂಟಿಸಿ ಸಿಂಪಡಿಸುವುದು ಒಂದು ಹಂತವಾದರೆ, ಹೆಸರು ಮತ್ತು ಚಿತ್ರಗಳನ್ನು ಕುಂಚದಿಂದ ಬರೆಯುವುದು ಇನ್ನೊಂದು ಹಂತ. ಅದು ಬೇರೆಯೇ ಕಲಾವಿದನ ಕೆಲಸ. ಬಸ್ಸಿನ ಹೆಸರಿನಲ್ಲಿ ಮಾಲಕನ ಮನೆದೇವರು, ಸಂತರು, ಮಕ್ಕಳು ಎಲ್ಲರಿಗೂ ಸ್ಥಾನವಿತ್ತು. ಆಯುಧಪೂಜೆಯಂದು ಬಾಳೆಕಂದು, ಹೂಮಾಲೆಗಳು ಇದಕ್ಕೆ ಸೇರಿ, ಚಕ್ರದಡಿಯಲ್ಲಿ ಲಿಂಬೆಹಣ್ಣು ಅಪ್ಪಚ್ಚಿಯಾಗುತ್ತಿತ್ತು. ಇತ್ತೀಚಿನ ದಶಕಗಳಲ್ಲಿ ಗಣಕಯಂತ್ರದಿಂದ ಕತ್ತರಿಸಿದ ಸ್ಟಿಕ್ಕರ್ ಬಂದು ಕುಂಚದವರ ಕೆಲಸ ಬಹುಮಟ್ಟಿಗೆ ನಿಂತಿತು.

ಗುರುತು ಮತ್ತು ಗಡಿಯಾರ

ನಾನು ವೈದ್ಯಕೀಯ ವಿದ್ಯಾರ್ಥಿಯಾಗಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿದ್ದಾಗ, ಹೊರರೋಗಿ ವಿಭಾಗಕ್ಕೆ ಬಂದ ವೃದ್ಧೆಯೊಬ್ಬರಿಗೆ ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು ಮಾತ್ರೆ ನುಂಗಬೇಕೆಂದು ವಿವರಿಸುತ್ತಿದ್ದೆ. ಅವರಿಗೆ ಓದಲು ಬರುತ್ತಿರಲಿಲ್ಲ, ಮನೆಯಲ್ಲಿ ಗಡಿಯಾರವೂ ಇರಲಿಲ್ಲ. "ಹಾಗಾದರೆ ಗಿಳಿಯ ಚಿತ್ರದ ಹಸುರು ಬಸ್ಸು ಪೇಟೆಗೆ ಹೋಗುವಾಗ ಒಂದು, ಅದೇ ತಿರುಗಿ ಬರುವಾಗ ಒಂದು, ಅಲ್ಲವೇ ಮಗಾ?" ಎಂದು ಅವರೇ ಕೇಳಿದರು. ಮರುತಿಂಗಳು ಬಂದಾಗ ಒಂದು ಮಾತ್ರೆಯೂ ತಪ್ಪಿರಲಿಲ್ಲ. ಆ ಬಸ್ಸಿನ ಹಣೆಯ ಮೇಲಿದ್ದ ಊರಿನ ಹೆಸರನ್ನು ಅವರು ಎಂದೂ ಓದಿದವರಲ್ಲ, ಗಿಳಿಯನ್ನು ಓದಿದ್ದರು.

ಅಬುಧಾಬಿಯಲ್ಲಿ ನಾನು ಕಂಡ ಕಾರ್ಮಿಕರೊಬ್ಬರು ಇದಕ್ಕೆ ಪೂರಕವಾದ ಇನ್ನೊಂದು ಸಂಗತಿ ತಿಳಿಸಿದರು. ಒಂದೇ ಬಣ್ಣದ ಹತ್ತಾರು ಬಸ್ಸುಗಳ ನಡುವೆ ದಣಿದ ಕಣ್ಣಿಗೆ ತಮ್ಮದು ಯಾವುದೆಂದು ತಿಳಿಯದೆ ಮೊದಲ ವಾರ ಬೇರೆ ವಸತಿಗೆ ಹೋಗಿ ಇಳಿದಿದ್ದರಂತೆ. ಬಳಿಕ ಚಾಲಕ ಕನ್ನಡಿಗೆ ಕಟ್ಟಿದ್ದ ಕೆಂಪು ಕುಚ್ಚೇ ಅವರಿಗೆ ಗುರುತಾಯಿತು.

ಕಾನೂನು ಮತ್ತು ಆರೋಗ್ಯ

ಜಗತ್ತಿನಾದ್ಯಂತ ಇಂಥ ಬಸ್ಸುಗಳು ಹಿಂದೆ ಸರಿಯುತ್ತಿವೆ. ಅಮೆರಿಕದ ಹಳೆಯ ಶಾಲಾಬಸ್ಸುಗಳಿಗೆ ಚಿತ್ರ ಬರೆದು ಓಡಿಸುತ್ತಿದ್ದ ಪನಾಮಾ ನಗರದ 'ಕೆಂಪು ದೆವ್ವ'ಗಳ ಬದಲಿಗೆ 2010ರಿಂದ ಏಕರೂಪದ ಬಸ್ಸುಗಳು ಬಂದವು. ಕರಾಚಿಯ ಡಬ್ಲ್ಯೂ-11 ಮಾರ್ಗದ ಮಿನಿಬಸ್ಸಿನ ಅಲಂಕಾರ ಮಾತ್ರ 2006ರಲ್ಲಿ ಮೆಲ್ಬರ್ನಿನ ಟ್ರಾಮೊಂದಕ್ಕೂ ಏರಿ ಗೌರವ ಪಡೆಯಿತು. ಕೇರಳವು 2018ರಲ್ಲಿ ಖಾಸಗಿ ಬಸ್ಸುಗಳಿಗೆ ಬಣ್ಣ ಗೊತ್ತುಮಾಡಿತು: ನಗರದವಕ್ಕೆ ಹಸುರು, ಹೊರಊರಿನವಕ್ಕೆ ನೀಲಿ. ನಮ್ಮ ಕಾಸರಗೋಡೂ ಅದರೊಳಗೆ ಬಂತು. 2022ರ ಅಕ್ಟೋಬರಿನಲ್ಲಿ ವಡಕ್ಕಂಚೇರಿಯಲ್ಲಿ ಪ್ರವಾಸಿ ಬಸ್ಸಿನ ಅಪಘಾತದಲ್ಲಿ ಒಂಬತ್ತು ಮಂದಿ ಮಡಿದ ಮೇಲೆ ಪ್ರವಾಸಿ ಬಸ್ಸುಗಳಿಗೆ ಬಿಳಿ ಬಣ್ಣದ ನಿಯಮ ಬಿಗಿಯಾಯಿತು.

ಅಪಘಾತದ ಗಾಯಾಳುಗಳನ್ನು ಕಂಡ ವೈದ್ಯನಾಗಿ ಸುರಕ್ಷೆಯ ವಾದವನ್ನು ನಾನು ಅಲ್ಲಗಳೆಯಲಾರೆ. ಆದರೆ ಅಲಂಕಾರದಲ್ಲೆಲ್ಲ ಅಪಾಯವಿಲ್ಲ. ಇರುವ ಕಡೆ ನಿರ್ದಿಷ್ಟವಾಗಿದೆ. ಎದುರಿನಿಂದ ಪ್ರಖರ ದೀಪ ಹೊಡೆದಾಗ ಅಕ್ಷಿಪಟಲ ಚೇತರಿಸಿಕೊಳ್ಳಲು ಕೆಲವು ಸೆಕೆಂಡು ಬೇಕು, ವಯಸ್ಸಾದವರಿಗೆ ಇನ್ನೂ ಹೆಚ್ಚು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಐದು ಸೆಕೆಂಡಿನಲ್ಲಿ 80 ಮೀಟರಿಗೂ ಹೆಚ್ಚು ದೂರವನ್ನು ಕುರುಡಾಗಿ ಕ್ರಮಿಸುತ್ತದೆ. ಕರ್ಕಶ ಹಾರ್ನ್ ದಿನವಿಡೀ ಅದರ ಬಳಿ ಇರುವವರ ಕಿವಿಯನ್ನು ಕೆಡಿಸುತ್ತದೆ. ಗಾಜಿನ ಮೇಲಿನ ಚಿತ್ರ ಚಾಲಕನ ನೋಟವನ್ನು ಮರೆಮಾಡುತ್ತದೆ. ಬಣ್ಣದಲ್ಲಿಯೇ ಅಪಾಯವಿದ್ದರೆ ಅದು ಮೊದಲು ತಟ್ಟುವುದು ಬಳಿಯುವವನಿಗೆ: ಹಳೆಯ ಕ್ರೋಮ್ ಹಳದಿಯೆಂದರೆ ಸೀಸದ ಸಂಯುಕ್ತ, ಅದನ್ನು ಒಣದಾಗಿ ಉಜ್ಜಿದರೆ ಏಳುವ ಧೂಳು ರಕ್ತಕ್ಕೂ ನರಗಳಿಗೂ ವಿಷ. ಭಾರತದಲ್ಲಿ ಮನೆಬಳಕೆಯ ಬಣ್ಣಗಳಿಗೆ 90 ಪಿಪಿಎಂ ಎಂಬ ಸೀಸದ ಮಿತಿಯನ್ನು ವಿಧಿಸಿದ್ದು 2016ರ ನಿಯಮಗಳು.

ಹೀಗೆ ದೀಪ, ಹಾರ್ನ್, ಗಾಜು, ಸೀಸ ಇವುಗಳನ್ನು ನಿಯಂತ್ರಿಸಲೇಬೇಕು. ಪಕ್ಕದ ತಗಡಿನ ಮೇಲಿರುವ ಗಿಳಿಯನ್ನು ಅಳಿಸುವುದರಿಂದ ಯಾರ ಪ್ರಾಣವೂ ಉಳಿಯುವುದಿಲ್ಲ. ಯು.ಎ.ಇ.ಯಲ್ಲಿ ಡಿಸೆಂಬರ್ 2ರ ರಾಷ್ಟ್ರೀಯ ದಿನದಂದು ವಾಹನಗಳನ್ನು ಸಿಂಗರಿಸುವ ಪದ್ಧತಿಯಿದೆ. ಸಂಖ್ಯಾಫಲಕ ಮುಚ್ಚಬಾರದು, ಚಾಲಕನ ನೋಟಕ್ಕೆ ಅಡ್ಡಿಯಾಗಬಾರದು ಎಂದು ಪೊಲೀಸರು ಆಗ ಎಚ್ಚರಿಸುತ್ತಾರೆ. ನಿಯಮಗಳೊಳಗಿನ ಅಲಂಕಾರಕ್ಕೆ ಅವಕಾಶವಿರುತ್ತದೆ. ಈ ವಿವೇಕ ನಮ್ಮ ಕರಾವಳಿಗೂ ಸಲ್ಲುವಂಥದು.

ಪರದೇಶದಲ್ಲಿರುವ ನಾವು ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಮದುವೆ ದಿಬ್ಬಣದಲ್ಲೋ ಶಾಲಾಪ್ರವಾಸದಲ್ಲೋ ಬಸ್ಸಿನ ಮುಂದೆ ನಿಂತು ತೆಗೆಸಿಕೊಂಡ ಹಳೆಯ ಭಾವಚಿತ್ರಗಳು ಹಲವರ ಮನೆಗಳಲ್ಲಿವೆ. ಮುಂದಿನ ರಜೆಯಲ್ಲಿ ಅವುಗಳ ಹಿಂಬದಿಯಲ್ಲಿ ಬಸ್ಸಿನ ಹೆಸರು, ಮಾರ್ಗ, ವರ್ಷ, ಸಾಧ್ಯವಾದರೆ ಬರೆದ ಕಲಾವಿದನ ಹೆಸರನ್ನೂ ಹಿರಿಯರಿಂದ ಕೇಳಿ ಬರೆದಿಡೋಣ. ಚಿತ್ರ ಕಪ್ಪುಬಿಳುಪಾಗಿದ್ದರೆ ಬಣ್ಣ ಯಾವುದಿತ್ತೆಂದೂ ಕೇಳೋಣ. ಅದನ್ನು ಹೇಳಬಲ್ಲವರು ಇನ್ನೂ ನಮ್ಮೊಡನಿದ್ದಾರೆ.