ಮಿಥುನ ರಾಶಿಯವರಿಗೆ ಆಸ್ಪಿರಿನ್ ಆಗಿಬರುವುದಿಲ್ಲವೇ?



ನಗಬೇಡಿ, ಇದು ಒಮ್ಮೆ ನಿಜವಾಗಿಯೂ ಲೆಕ್ಕದಲ್ಲಿ ಬಂದ ಉತ್ತರ.

1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಐಸಿಸ್-2 ಎಂಬ ಅಧ್ಯಯನ ಪ್ರಕಟವಾಯಿತು. ಹೃದಯಾಘಾತದ ಶಂಕೆಯಿಂದ ಆಸ್ಪತ್ರೆ ಸೇರಿದ 17,187 ರೋಗಿಗಳು ಅದರಲ್ಲಿದ್ದರು. ಆಸ್ಪಿರಿನ್ ಪಡೆದವರಲ್ಲಿ ಐದು ವಾರಗಳೊಳಗೆ ಹೃದಯ, ರಕ್ತನಾಳದ ತೊಂದರೆಯಿಂದಾದ ಸಾವು ಶೇ. 23ರಷ್ಟು ಕಡಿಮೆಯಾಯಿತು. ಬಳಿಕ ಸಂಶೋಧಕರು, ಸಣ್ಣ ಗುಂಪುಗಳಾಗಿ ಒಡೆದು ನೋಡುವುದರ ಅಪಾಯ ತೋರಿಸಲೆಂದೇ, ರೋಗಿಗಳನ್ನು ಜನ್ಮರಾಶಿಯಂತೆ ವಿಂಗಡಿಸಿದರು. ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ತುಸು ಕೆಡುಕೇ ಆದಂತೆ ಕಂಡಿತು! ಅದು ಬರೀ ಕಾಕತಾಳೀಯ.

ಹೀಗೇಕಾಗುತ್ತದೆ? ಹೃದ್ರೋಗಕ್ಕೆ ಕಾರಣ ಹುಡುಕಲು 1,000 ಅಂಶಗಳನ್ನು (ಆಹಾರ, ಜೀನ್, ರಕ್ತದ ಅಂಶ) ಪರೀಕ್ಷಿಸಿದರು ಎನ್ನೋಣ. ನಿಜವಾದ ಸಂಬಂಧ ಇರುವುದು 10ಕ್ಕೆ ಮಾತ್ರ. ಆ ಹತ್ತೂ ಸಿಕ್ಕವು ಎನ್ನಿ. ರೂಢಿಯಲ್ಲಿರುವ ಶೇ. 5ರ ಮಾನದಂಡದಲ್ಲಿ ಉಳಿದ 990ರಲ್ಲಿ ಸುಮಾರು 50 ಅಂಶಗಳು ಅದೃಷ್ಟದಿಂದಲೇ ‘ಪಾಸ್’ ಆಗುತ್ತವೆ. ಅಂದರೆ 60 ‘ಸಂಶೋಧನೆ’ಗಳಲ್ಲಿ 50 ಸುಳ್ಳು!

ಇದಕ್ಕೆ ಮದ್ದಿದೆ. 1995ರಲ್ಲಿ ಇಸ್ರೇಲಿನ ಬೆಂಜಮಿನಿ ಮತ್ತು ಹಾಕ್‌ಬರ್ಗ್ ಒಂದು ವಿಧಾನ ಕೊಟ್ಟರು. ಹೆಚ್ಚು ಅಂಶ ಪರೀಕ್ಷಿಸಿದಷ್ಟೂ ಮಾನದಂಡ ಬಿಗಿಯಾಗುತ್ತದೆ. ಆಯ್ದವುಗಳಲ್ಲಿ ಸುಳ್ಳಿನ ಪಾಲು ಸರಾಸರಿ ಶೇ. 10ರೊಳಗೆ ಇರಲಿ ಎಂದು ಮೊದಲೇ ನಿಗದಿ ಮಾಡಬಹುದು. 2015ರಲ್ಲಿ ಬಾರ್ಬರ್ ಮತ್ತು ಕ್ಯಾಂಡೆಸ್ ಇನ್ನೊಂದು ಉಪಾಯ ತಂದರು. ಪ್ರತಿ ಅಂಶಕ್ಕೂ, ರೋಗಕ್ಕೆ ಸಂಬಂಧವೇ ಇಲ್ಲದ ಒಂದು ನಕಲಿ ಜೋಡಿ ಸೃಷ್ಟಿಸಿ ಲೆಕ್ಕಕ್ಕೆ ಸೇರಿಸುವುದು. ತನ್ನ ನಕಲಿಯನ್ನೇ ಸ್ಪಷ್ಟವಾಗಿ ಸೋಲಿಸಲಾಗದ ಅಂಶವನ್ನು ಕೈಬಿಡುವುದು. ಎಷ್ಟು ನಕಲಿಗಳು ಗೆದ್ದವು ಎಂಬುದರಿಂದಲೇ ಅದೃಷ್ಟದ ಪಾಲೆಷ್ಟು ಎಂದು ಅಂದಾಜಾಗುತ್ತದೆ.

‘ಇದನ್ನು ತಿಂದರೆ ಹೃದಯಾಘಾತ’, ‘ಆ ಮಾತ್ರೆ ಅಪಾಯ’ ಎಂಬ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ:

1. ಒಟ್ಟು ಎಷ್ಟು ಅಂಶಗಳನ್ನು ಪರೀಕ್ಷಿಸಿದರು?
2. ಅದಕ್ಕೆ ತಕ್ಕಂತೆ ಮಾನದಂಡ ಬಿಗಿ ಮಾಡಿದ್ದರೇ?
3. ಬೇರೆ ಜನರಲ್ಲಿ ಮತ್ತೆ ಅದೇ ಫಲಿತಾಂಶ ಬಂತೇ?

ಉತ್ತರ ಸಿಗದಿದ್ದರೆ ಆ ಸುದ್ದಿಯನ್ನು ನಂಬಿ ಏನನ್ನೂ ಬದಲಿಸಬೇಡಿ. ಮುಖ್ಯವಾಗಿ, ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಕುತ್ತಾಗಬಹುದು. ಹಾಗೆಯೇ, ವೈದ್ಯರನ್ನು ಕೇಳದೆ ಆಸ್ಪಿರಿನ್ ಶುರು ಮಾಡುವುದೂ ತಪ್ಪು, ರಕ್ತಸ್ರಾವವಾಗಬಹುದು.

ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಇಂದು ಫೋನ್ ಮಾಡಿದಾಗ ಇಷ್ಟು ಕೇಳಿ: “ಮಾತ್ರೆ ಯಾವುದನ್ನೂ ಬಿಟ್ಟಿಲ್ಲ ತಾನೇ?”