ಒಂದೇ ಗಣಕಯಂತ್ರಕ್ಕೆ ಹಲವು ಯುಎಸ್‌ಬಿ ಬೋರ್ಡುಗಳು: ಗುರುತಿಸುವ ಬಗೆ

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಉದ್ದಿಮೆಗೆ ಶಾಖದ ಹದವೇ ಜೀವಾಳ. ಗೂಡುಗಳನ್ನು ಬಿಸಿಗಾಳಿಯಲ್ಲಿ ಒಣಗಿಸುವಾಗ ಉಷ್ಣತೆಯನ್ನು ಸುಮಾರು 115 ಡಿಗ್ರಿ ಸೆಲ್ಸಿಯಸ್‌ನಿಂದ ಹಂತಹಂತವಾಗಿ 55ರ ಆಸುಪಾಸಿಗೆ ಇಳಿಸಲಾಗುತ್ತದೆ. ಹಲವು ಒಣಗಿಸುವ ಕೋಣೆಗಳ ಉಷ್ಣತೆಯನ್ನು ಒಂದೇ ಗಣಕಯಂತ್ರದಲ್ಲಿ ದಾಖಲಿಸಬಯಸುವವರು ಕೋಣೆಗೊಂದರಂತೆ ಯುಎಸ್‌ಬಿ ದತ್ತಾಂಶ ಸಂಗ್ರಹ ಬೋರ್ಡನ್ನು ಜೋಡಿಸಬಹುದು.

ತೊಡಕು ಇರುವುದು ಇಲ್ಲಿಯೇ. ಒಂದೇ ಮಾದರಿಯ ಬೋರ್ಡುಗಳಲ್ಲಿ ತಯಾರಕರ ಸಂಖ್ಯೆಯೂ ಉತ್ಪನ್ನ ಸಂಖ್ಯೆಯೂ ಒಂದೇ ಆಗಿರುತ್ತವೆ. ವಿದ್ಯುತ್ ಹೋಗಿ ಬಂದ ಬಳಿಕ ಗಣಕಯಂತ್ರವು ಅವನ್ನು ಹಿಂದಿನ ಕ್ರಮದಲ್ಲಿಯೇ ಎಣಿಸುವುದೆಂಬ ಭರವಸೆಯಿಲ್ಲ. ಒಂದು ಕೋಣೆಯ ಅಳತೆ ಮತ್ತೊಂದರ ಹೆಸರಿನಲ್ಲಿ ದಾಖಲಾದರೆ ಶಾಖ ಮಿತಿಮೀರಿ, ಗೂಡಿನ ಅಂಟು ಬಿಗಿದು, ಎಳೆ ತುಂಡಾಗುವ ಸಂಭವವುಂಟು.

ಪರಿಹಾರ ಸರಳ. ಪ್ರತ್ಯೇಕ ಕ್ರಮಸಂಖ್ಯೆಯುಳ್ಳ ಬೋರ್ಡುಗಳನ್ನೇ ಕೇಳಿ ಕೊಳ್ಳಬೇಕು. ಒಂದೊಂದನ್ನೇ ಜೋಡಿಸಿ, ಸಂಖ್ಯೆಯನ್ನು ಓದಿ, ಕೋಣೆಯ ಹೆಸರಿನೊಡನೆ ಬೋರ್ಡಿನ ಮೇಲೆ ಚೀಟಿ ಅಂಟಿಸಬೇಕು. ತಂತ್ರಾಂಶವು ಬೋರ್ಡನ್ನು ಎಣಿಕೆಯ ಕ್ರಮದಿಂದಲ್ಲ, ಆ ಸಂಖ್ಯೆಯಿಂದಲೇ ಗುರುತಿಸುವಂತಿರಬೇಕು. ಅಗ್ಗದ ಕೆಲವು ಬೋರ್ಡುಗಳಲ್ಲಿ ಕ್ರಮಸಂಖ್ಯೆ ಇರುವುದಿಲ್ಲ. ಅಂತಹವನ್ನು ಗೊತ್ತುಪಡಿಸಿದ ಕಿಂಡಿಯಿಂದ ಕದಲಿಸಬಾರದು.

ಕೊನೆಯದಾಗಿ, ಕೋಣೆಗಳು ತಣ್ಣಗಿರುವಾಗ ಪ್ರತಿ ಸಂವೇದಕವನ್ನೂ ಅಂಗೈಯಲ್ಲಿ ಹಿಡಿದು, ಪರದೆಯ ಮೇಲೆ ಅದೇ ಕೋಣೆಯ ಅಂಕಿ ಏರುವುದನ್ನು ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ಖರ್ಚಿಲ್ಲ, ಉಳಿಯುವುದು ಗೂಡಿನ ಬೆಲೆ.