ಅಳಗುಳಿಮಣೆಯ ಮುಂದೆ ಗರ್ಭಿಣಿ

ಗರ್ಭಿಣಿಯಾದವಳು ಇಬ್ಬರ ಊಟ ಉಣ್ಣಬೇಕೆಂಬ ಮಾತು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಬಯಕೆ ತೀರಿಸುವುದು, ಕುಬುಸ ಮಾಡಿ ಹೋಳಿಗೆ ಕಡುಬುಗಳನ್ನು ಒತ್ತಾಯದಿಂದ ಬಡಿಸುವುದು ವಾತ್ಸಲ್ಯದ ಲಕ್ಷಣವೇ ಸರಿ. ಆದರೆ ಕುಬುಸ ನಡೆಯುವ ಆ ಆರೇಳನೆಯ ತಿಂಗಳೇ ಗರ್ಭಾವಸ್ಥೆಯ ಮಧುಮೇಹವು ಸಾಮಾನ್ಯವಾಗಿ ತಲೆದೋರುವ ಕಾಲವೂ ಹೌದೆಂಬುದನ್ನು ಬಹುಮಂದಿ ಅರಿಯರು.

ಈ ಕಾಯಿಲೆಗೆ ಕಾರಣ ತಾಯಿಯ ನಾಲಗೆಯ ಚಪಲವಲ್ಲ. ಶಿಶುವನ್ನು ಪೋಷಿಸುವ ಮಾಸು ಕೆಲವು ರಸಗಳನ್ನು ಸ್ರವಿಸುತ್ತದೆ. ಅವು ತಾಯಿಯ ಮೈಯಲ್ಲಿ ಇನ್ಸುಲಿನ್ನಿನ ಕಾರ್ಯವನ್ನು ತಡೆಯುತ್ತವೆ. ಬಸಿರು ಬಲಿತಂತೆ ತಡೆಯೂ ಬಲಿಯುತ್ತದೆ. ಅದಕ್ಕೆ ತಕ್ಕಷ್ಟು ಇನ್ಸುಲಿನ್ ಒದಗಿಸಲು ತಾಯಿಯ ದೇಹಕ್ಕೆ ಸಾಧ್ಯವಾಗದಿದ್ದರೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಆ ಸಕ್ಕರೆಯು ಮಾಸನ್ನು ದಾಟಿ ಶಿಶುವನ್ನು ಮುಟ್ಟುತ್ತದೆ, ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಆಗ ಶಿಶುವು ತಾನೇ ಹೆಚ್ಚು ಇನ್ಸುಲಿನ್ ಉತ್ಪಾದಿಸಿ ಅತಿಯಾಗಿ ಕೊಬ್ಬುತ್ತದೆ, ಹೆರಿಗೆ ಕಷ್ಟವಾಗುತ್ತದೆ, ಹುಟ್ಟಿದ ಕೂಡಲೇ ಮಗುವಿನ ಸಕ್ಕರೆ ಕುಸಿಯುವ ಭಯವೂ ಉಂಟು.

ಇದು ನಮ್ಮ ನಾಡಿನಲ್ಲಿಯೇ ಚೆನ್ನಾಗಿ ಅಧ್ಯಯನಗೊಂಡ ವಿಷಯ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೯೭-೯೮ರಲ್ಲಿ ಸುಮಾರು ೮೦೦ ಗರ್ಭಿಣಿಯರನ್ನು ಪರೀಕ್ಷಿಸಿದಾಗ ನೂರಕ್ಕೆ ಆರರಷ್ಟು ಮಂದಿಯಲ್ಲಿ ಈ ಕಾಯಿಲೆ ಕಂಡುಬಂದಿತು. ಐದು ವರ್ಷಗಳ ಅನಂತರ ಆ ತಾಯಂದಿರನ್ನು ಮತ್ತೆ ಕರೆದು ನೋಡಿದರೆ, ಕಾಯಿಲೆ ಇದ್ದವರಲ್ಲಿ ನೂರಕ್ಕೆ ೩೭ ಮಂದಿ ಮಧುಮೇಹಿಗಳಾಗಿದ್ದರು. ಇಲ್ಲದವರಲ್ಲಿ ನೂರಕ್ಕೆ ಇಬ್ಬರು ಮಾತ್ರ. ನೋಡಿದ ತಾಯಂದಿರ ಸಂಖ್ಯೆ ಚಿಕ್ಕದು, ಆದರೆ ಅಂತರ ಚಿಕ್ಕದಲ್ಲ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ೨೦೧೬ರಿಂದ ತಾಯಿ-ಮಕ್ಕಳನ್ನು ಅನುಸರಿಸುವ ಇಂತಹ ಅಧ್ಯಯನವೊಂದು ಆರಂಭವಾಯಿತು. ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದರೆ ‘ಮಾಸ್ತಿ’ ಎಂದಾಗುವುದು ಕನ್ನಡಿಗರಿಗೆ ಸಂತೋಷದ ಸಂಗತಿ.

ಈಗ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆಗೆ ನೋಡೋಣ. ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ನಮ್ಮ ಅನೇಕ ಕುಟುಂಬಗಳು ಅಲ್ಲಿ ಒಂದೆರಡು ಕೋಣೆಯ ಬಾಡಿಗೆ ಮನೆಗಳಲ್ಲಿವೆ. ಸೊಸೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ, ಇಲ್ಲವೇ ಗಣಕಯಂತ್ರದ ಮುಂದೆ ಕುಳಿತೇ ದಿನ ಕಳೆಯುತ್ತಾಳೆ. ಬೆಳಿಗ್ಗೆ ಬಸ್ಸು ಹಿಡಿಯುವ ಅವಸರದಲ್ಲಿ ಒಂದು ಲೋಟ ಚಹಾ, ಮಧ್ಯಾಹ್ನ ಆತುರದ ಊಟ, ರಾತ್ರಿ ಹತ್ತು ಗಂಟೆಗೆ ದಿನದ ಹಸಿವನ್ನೆಲ್ಲ ಒಮ್ಮೆಲೇ ತೀರಿಸುವ ಭೋಜನ. ರಾತ್ರಿ ಪಾಳಿಯವಳಿಗಂತೂ ಹಗಲು ರಾತ್ರಿಗಳೇ ಅದಲುಬದಲು. ಇಂಥವಳ ಕೈಗೆ ಪಥ್ಯದ ಅಚ್ಚಾದ ಹಾಳೆಯೊಂದನ್ನು ಕೊಟ್ಟು ‘ಹೀಗೆ ಉಣ್ಣು ತಾಯಿ’ ಎಂದರೆ ಅದು ತಾಯಿ ಕಾರ್ಡಿನ ನಡುವೆ ಮಡಿಕೆಯಾಗಿ ಉಳಿಯುತ್ತದೆ, ಅಷ್ಟೆ.

ಆಟದ ಮೂಲಕ ಆರೋಗ್ಯ ಕಲಿಸುವ ಪ್ರಯತ್ನ ಹೊಸದೇನಲ್ಲ. ಅಮೆರಿಕದಲ್ಲಿ ೧೯೯೫ರಲ್ಲಿ ‘ಪ್ಯಾಕಿ ಮತ್ತು ಮಾರ್ಲನ್’ ಎಂಬ ವಿಡಿಯೊ ಆಟವೊಂದು ಬಂದಿತು. ಮಧುಮೇಹವಿರುವ ಎರಡು ಆನೆಗಳು ಅದರ ನಾಯಕರು. ಅವುಗಳ ಊಟ, ಇನ್ಸುಲಿನ್ನುಗಳನ್ನು ಸರಿದೂಗಿಸುವುದೇ ಆಟ. ಮಧುಮೇಹವಿದ್ದ ೫೯ ಮಕ್ಕಳ ಪರೀಕ್ಷೆಯಲ್ಲಿ, ಆರು ತಿಂಗಳು ಇದನ್ನು ಆಡಿದವರು ತುರ್ತಾಗಿ ವೈದ್ಯರ ಬಳಿಗೆ ಓಡಬೇಕಾದ ಪ್ರಸಂಗಗಳು ನೂರಕ್ಕೆ ೭೭ರಷ್ಟು ತಗ್ಗಿದವು. ಅದು ಮಕ್ಕಳ ಮಾತಾಯಿತು. ಗರ್ಭಿಣಿಯರಿಗೂ ಅಷ್ಟೇ ಫಲ ಸಿಗುವುದೆಂದು ನಾನು ಹೇಳಲಾರೆ. ಆದರೆ ಕೇಳಿದ್ದಕ್ಕಿಂತ ಕೈಯಾರೆ ಮಾಡಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆಂಬುದು ಬೋಧನೆಯ ಹಳೆಯ ಅನುಭವ.

ಆಡಲು ಬಿಡುವೆಲ್ಲಿದೆ ಎಂದು ಕೇಳಬಹುದು. ಬಿಡುವು ಪರೀಕ್ಷೆಯೊಳಗೇ ಇದೆ. ನಮ್ಮ ದೇಶದ ಪದ್ಧತಿಯಂತೆ ಗರ್ಭಿಣಿಯು ಮೊದಲ ಭೇಟಿಯಲ್ಲಿಯೂ, ಮತ್ತೆ ೨೪ರಿಂದ ೨೮ನೆಯ ವಾರದೊಳಗೂ ೭೫ ಗ್ರಾಂ ಗ್ಲೂಕೋಸನ್ನು ಸುಮಾರು ೩೦೦ ಮಿಲಿ ನೀರಿನಲ್ಲಿ ಕರಗಿಸಿ ಕುಡಿಯಬೇಕು. ಅದಕ್ಕೆ ಉಪವಾಸ ಬೇಕಿಲ್ಲ. ಎರಡು ಗಂಟೆಗಳ ಬಳಿಕ ರಕ್ತ ಪರೀಕ್ಷೆ. ಸಕ್ಕರೆ ೧೪೦ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಇದೆಯೆಂದರ್ಥ. ಆ ಎರಡು ಗಂಟೆ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಸುಮ್ಮನೆ ಕುಳಿತಿರಬೇಕು. ಪ್ರತಿ ತಿಂಗಳ ೯ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆಯ ದಿನ. ಅಂದು ಹತ್ತಾರು ಮಂದಿ ಒಟ್ಟಿಗಿರುತ್ತಾರೆ. ಪೀಣ್ಯದ ಇ.ಎಸ್.ಐ. ಆಸ್ಪತ್ರೆಯ ಪಡಸಾಲೆಯಾಗಲಿ, ಬಡಾವಣೆಯ ಅಂಗನವಾಡಿಯಾಗಲಿ, ಆಟಕ್ಕೆ ಅಷ್ಟು ಜಾಗ ಸಾಕು.

ಯಾವ ಆಟ? ಹಾವು-ಏಣಿಯೇ ಎಲ್ಲರಿಗೂ ಮೊದಲು ಹೊಳೆಯುತ್ತದೆ: ಜಿಲೇಬಿ ಹಾವು, ಸೊಪ್ಪು ಏಣಿ. ನನಗೆ ಅದು ಸಮ್ಮತವಲ್ಲ. ಅಲ್ಲಿ ದಾಳ ಬಿದ್ದಂತೆ ಆಡುವವಳ ಗತಿ. ಅವಳ ವಿವೇಕಕ್ಕೆ ಎಡೆಯಿಲ್ಲ. ಕಾಯಿಲೆಯನ್ನು ಹಣೆಬರಹವೆಂದು ನಂಬಿದವಳಿಗೆ ಹಣೆಬರಹದ ಆಟವನ್ನೇ ಆಡಿಸಿ ಪ್ರಯೋಜನವೇನು? ಮುಮ್ಮಡಿ ಕೃಷ್ಣರಾಜ ಒಡೆಯರು ಪಟದಾಟಗಳನ್ನು ಸ್ವತಃ ರೂಪಿಸಿದ ನಾಡು ನಮ್ಮದು. ನಮ್ಮ ಅಜ್ಜಿಯರು ಆಡುತ್ತಿದ್ದ ಅಳಗುಳಿಮಣೆ ಇದಕ್ಕೆ ಹೇಳಿ ಮಾಡಿಸಿದಂತಿದೆ, ಏಕೆಂದರೆ ಅದು ಹಂಚುವ ಆಟ.

ಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಒಂದು ಸಾಲಿನ ಆರು ಗುಳಿಗಳನ್ನು ಬೆಳಗಿನ ತಿಂಡಿ, ಹನ್ನೊಂದರ ಅಲ್ಪಾಹಾರ, ಮಧ್ಯಾಹ್ನದ ಊಟ, ಸಂಜೆಯ ಉಪಾಹಾರ, ರಾತ್ರಿಯ ಊಟ, ಮಲಗುವ ಮುನ್ನದ ಹಾಲು ಎಂದು ಎಣಿಸಿಕೊಳ್ಳಲಿ, ಏಳನೆಯದು ನಡಿಗೆಗೆ. ಒಂದು ಹುಣಸೆಬೀಜವೆಂದರೆ ಒಂದು ಇಡ್ಲಿ, ಒಂದು ತೆಳು ಚಪಾತಿ ಅಥವಾ ಅರ್ಧ ಬಟ್ಟಲು ಅನ್ನ. ದಿನಕ್ಕೆಷ್ಟು ಬೀಜವೆಂಬುದನ್ನು ವೈದ್ಯರೋ ಪಥ್ಯ ತಜ್ಞರೋ ಹೇಳುವರು. ಅಷ್ಟನ್ನೂ ಆಕೆ ತನ್ನ ನಿತ್ಯದ ಪದ್ಧತಿಯಂತೆ ಗುಳಿಗಳಿಗೆ ಹಾಕಲಿ. ಬೆಳಗಿನ ಗುಳಿ ಬರಿದಾಗಿ ರಾತ್ರಿಯ ಗುಳಿ ತುಂಬಿ ತುಳುಕುವುದು ಆಕೆಯ ಕಣ್ಣಿಗೇ ಬೀಳುತ್ತದೆ. ಬಳಿಕ ಅದೇ ಬೀಜಗಳನ್ನು ಹರಡಿ ಹಾಕುವುದೇ ಆಟ. ಒಂದು ಗುಳಿಯಲ್ಲಿ ರಾಶಿಯಾದರೆ ಎದುರಾಳಿ ಎತ್ತಿಕೊಳ್ಳುವಳು. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೆ ಒಂದು ಬೀಜ ಹಿಂದಕ್ಕೆ ಬರುವುದು. ರಾತ್ರಿ ಪಾಳಿಯವಳು ತಾನು ಎದ್ದ ಹೊತ್ತನ್ನೇ ಮೊದಲ ಗುಳಿಯೆಂದು ಎಣಿಸಿದರಾಯಿತು.

ಈ ಆಟದಲ್ಲಿ ಕೆಲವು ನಂಬಿಕೆಗಳೂ ಬಯಲಾಗುತ್ತವೆ. ರಾಗಿ ಮುದ್ದೆ ಎಷ್ಟು ಉಂಡರೂ ದೋಷವಿಲ್ಲವೆಂದು ನಮ್ಮವರ ಗಟ್ಟಿ ನಂಬಿಕೆ. ರಾಗಿಯಲ್ಲಿ ನಾರೂ ಸುಣ್ಣವೂ ಇರುವುದು ನಿಜ. ಆದರೆ ನೂರು ಗ್ರಾಂ ಹಿಟ್ಟಿನ ಒಂದು ಮುದ್ದೆಯೇ ನಾಲ್ಕಕ್ಕೂ ಮೇಲು ಬೀಜಗಳನ್ನು ನುಂಗುತ್ತದೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದವಳಿಗೂ ರಿಯಾಯಿತಿಯಿಲ್ಲ, ಎರಡೂ ಕಬ್ಬಿನ ಮಕ್ಕಳೇ. ಮೊಳಕೆ ಹೆಸರುಕಾಳು, ಮೊಸರು, ಸೊಪ್ಪಿನ ಪಲ್ಯಗಳು ಬೀಜದ ಲೆಕ್ಕದಲ್ಲಿ ಹಗುರ. ಮಾಂಸಾಹಾರವಿಲ್ಲದ ನಮ್ಮ ಮನೆಗಳಲ್ಲಿ ಗರ್ಭಿಣಿಯ ತಟ್ಟೆಯಲ್ಲಿ ಕಾಳು ಮೊಸರುಗಳು ಹೆಚ್ಚಬೇಕು, ಅನ್ನ ತಗ್ಗಬೇಕು.

ಮಣೆಯ ಆಚೆ ಬದಿಯಲ್ಲಿ ಅತ್ತೆಯವರು ಕುಳಿತರೆ ಇನ್ನೂ ಒಳ್ಳೆಯದು. ಬಡಿಸುವ ಕೈ ಅವರದು. ‘ನಿನ್ನ ತವರಿನ ಕಾಯಿಲೆ’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಇದು ಮಾಸಿನ ಕಾರ್ಯವೆಂದು ಆಟದ ನಡುವೆ ಆಶಾ ಕಾರ್ಯಕರ್ತೆ ತಿಳಿಸಿದರೆ ಸೊಸೆಯ ಕಣ್ಣೀರು ಎಷ್ಟೋ ಉಳಿಯುತ್ತದೆ. ಎರಡು ವಾರ ಪಥ್ಯ ಮಾಡಿದ ಮೇಲೂ ಊಟವಾದ ಎರಡು ಗಂಟೆಗೆ ಸಕ್ಕರೆ ೧೨೦ಕ್ಕಿಂತ ಕೆಳಗೆ ಬಾರದಿದ್ದರೆ ವೈದ್ಯರು ಔಷಧಿ ಅಥವಾ ಇನ್ಸುಲಿನ್ ಕೊಡುವರು. ಅದು ಆಟದಲ್ಲಿ ಸೋತಂತಲ್ಲ. ಸೂಜಿ ಮಗುವಿಗೆ ತಗಲುವುದೆಂದು ಹೆದರುವವರು, ಇನ್ಸುಲಿನ್ ಮಾಸನ್ನು ದಾಟದೆಂಬ ಮೇಲಿನ ಮಾತನ್ನು ನೆನೆಯಲಿ.

ಇನ್ನೊಂದು ಮಾತು. ಈ ಬಡಾವಣೆಗಳ ಹೆಣ್ಣುಮಕ್ಕಳು ಹೆರಿಗೆಗೆಂದು ವಿಜಯಪುರಕ್ಕೋ ಕಲಬುರಗಿಗೋ ತವರಿಗೆ ಹೋಗುತ್ತಾರೆ. ಹೆತ್ತ ಮೇಲೆ ಸಕ್ಕರೆ ಇಳಿಯಿತೆಂದು ಎಲ್ಲರೂ ಮರೆಯುತ್ತಾರೆ. ಬಾಣಂತಿಗೆ ಅಂಟಿನುಂಡೆ ಶುರುವಾಗುತ್ತದೆ. ಮೈಸೂರಿನ ಆ ೩೭ರ ಲೆಕ್ಕ ಇಲ್ಲಿಂದಲೇ ಹುಟ್ಟುವಂಥದು. ಹೆರಿಗೆಯಾದ ಆರು ವಾರಕ್ಕೆ ಅದೇ ಗ್ಲೂಕೋಸ್ ನೀರಿನ ಪರೀಕ್ಷೆ ಮತ್ತೊಮ್ಮೆ ಆಗಬೇಕು. ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸುವುದೂ ಆಗಲೇ. ಮಗುವನ್ನು ಎತ್ತಿಕೊಂಡು ಹೋದ ದಿನವೇ ತಾಯಿಯೂ ತನ್ನ ತಾಯಿ ಕಾರ್ಡನ್ನು ತೋರಿಸಿ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಲಿ. ಈ ಬಾರಿ ಆ ಎರಡು ಗಂಟೆ ಕಳೆಯಲು ತೊಡೆಯ ಮೇಲೆ ಮಗುವಿರುತ್ತದೆ.